ಪಹಣಿ ಪುಸ್ತಕ ಯಾರ ಕೈಯಲ್ಲಿತ್ತು? ‘ಭೂಮಿ’ ಯೋಜನೆ ಕುರಿತ ಟಿಪ್ಪಣಿ

ತಂತ್ರಾಂಶ ಜಾರಿಯ ಪಾಠದಲ್ಲಿ ‘ಪ್ರಮುಖ ಪಾಲುದಾರರನ್ನು ಒಲಿಸಿಕೊಳ್ಳುವುದು’ ಎಂಬ ಅಧ್ಯಾಯ ಬಂದಾಗ ಪಾಲುದಾರರನ್ನು ವಿಂಗಡಿಸುವ ನಾಲ್ಕು ಚೌಕಗಳ ಕೋಷ್ಟಕವನ್ನು ಬಾಯಿಪಾಠ ಮಾಡುತ್ತೇವೆ: ಯಾರಿಗೆ ಅಧಿಕಾರ ಎಷ್ಟು, ಆಸಕ್ತಿ ಎಷ್ಟು. ಕರ್ನಾಟಕದ ಭೂದಾಖಲೆಗಳನ್ನು ಗಣಕಕ್ಕೆ ತಂದ ‘ಭೂಮಿ’ ಯೋಜನೆಯನ್ನೇ ತೆಗೆದುಕೊಳ್ಳಿ: ಆ ಕೋಷ್ಟಕದಲ್ಲಿ ಗ್ರಾಮ ಲೆಕ್ಕಿಗರನ್ನು ಎಲ್ಲಿ ಕೂರಿಸುತ್ತೀರಿ? ಕಂದಾಯ ಇಲಾಖೆಯ ಏಣಿಯಲ್ಲಿ ಅವರದು ಕೆಳಗಿನ ಮೆಟ್ಟಿಲು. ಆದರೆ ಜಮೀನು ಯಾರದು, ಅದರಲ್ಲಿ ಏನು ಬೆಳೆ ಎಂದು ದಾಖಲಿಸುವ ಪಹಣಿ ಪುಸ್ತಕ ಇದ್ದದ್ದು ಅವರ ಬಳಿ. ಸಾಲಕ್ಕಾಗಲಿ, ಜಾಮೀನಿಗಾಗಲಿ, ರೈತ ಮೊದಲು ಅವರನ್ನೇ ಹುಡುಕಬೇಕಿತ್ತು.

ಮೊದಲ ಯತ್ನದ ಸೋಲನ್ನು ಗಮನಿಸಿ. 1991ರಲ್ಲಿ ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ ಭೂದಾಖಲೆಗಳ ಗಣಕೀಕರಣ ಆರಂಭವಾಯಿತು. ಖಾತೆ ಬದಲಾವಣೆ, ಅಂದರೆ ದಾಖಲೆಯಲ್ಲಿ ಮಾಲೀಕರ ಹೆಸರು ಬದಲಿಸುವ ಕೆಲಸ, ನಡೆಯುವುದು ತಾಲ್ಲೂಕಿನಲ್ಲಿ. ಅಲ್ಲಿ ಗಣಕದ ವ್ಯವಸ್ಥೆಯೇ ಇರಲಿಲ್ಲ. ಜಮೀನು ಕೈ ಬದಲಾದರೂ ದಾಖಲೆಯಲ್ಲಿ ಹಳೆಯ ಹೆಸರೇ ಉಳಿಯಿತು.

2001ರಲ್ಲಿ ಚಾಲನೆ ಪಡೆದ ‘ಭೂಮಿ’ಯ ಹರವು ದೊಡ್ಡದು: ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರು. ತಾಲ್ಲೂಕು ಕೇಂದ್ರದಲ್ಲಿ ಆಗ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಇದರಿಂದ ಹಿಡಿತ ಕಳೆದುಕೊಳ್ಳುವವರು ಸುಮಾರು 9,000 ಗ್ರಾಮ ಲೆಕ್ಕಿಗರು. ಅವರನ್ನು ಬದಿಗಿರಿಸಿ ಮುಂದೆ ಹೋಗುವಂತಿರಲಿಲ್ಲ. ಯಾವ ಸರ್ವೆ ನಂಬರಿನಲ್ಲಿ ತಪ್ಪು ಹೆಸರಿದೆ ಎಂದು ಬಲ್ಲವರು ಅವರೇ.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಕೆಲಸ ಹಂಚಿದ ರೀತಿ. ಟೈಪಿಸಿದ ಮಾಹಿತಿಯನ್ನು ಮೂಲ ಪುಸ್ತಕದೊಂದಿಗೆ ತಾಳೆ ನೋಡುವ ಹೊಣೆ ಅವರಿಗೇ ಬಂತು. ಕೇಂದ್ರಗಳ ಗಣಕದ ಮುಂದೆ ಕೂರಲು ಅವರಲ್ಲೇ ಕಿರಿಯರನ್ನು ಆರಿಸಿ ತರಬೇತಿ ಕೊಟ್ಟರು. ತಂತ್ರಾಂಶವೂ ಕನ್ನಡದಲ್ಲಿತ್ತು. ತಮ್ಮ ಅನುಭವಕ್ಕೆ ಬೆಲೆಯಿದೆ ಎಂದು ಭಾಷಣದಲ್ಲಿ ಕೇಳುವುದಕ್ಕೂ, ತಾನು ಪರಿಶೀಲಿಸಿದ ಹಾಳೆಯೇ ಅಧಿಕೃತ ದಾಖಲೆಯಾಗುವುದನ್ನು ಕಾಣುವುದಕ್ಕೂ ಬಹಳ ಅಂತರವಿದೆ.

ಒಲಿಸುವುದರ ಜೊತೆಗೆ ಕಟ್ಟುಪಾಡೂ ಇತ್ತು. ಪರೀಕ್ಷೆಯ ಉತ್ತರದಲ್ಲಿ ಇದನ್ನು ಬಿಡಬೇಡಿ. ತಾಲ್ಲೂಕು ಗಣಕ ವ್ಯವಸ್ಥೆಗೆ ಸೇರಿದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇರಲಿಲ್ಲ. ಸಿಬ್ಬಂದಿ ಬೆರಳ ಗುರುತು ಕೊಟ್ಟೇ ತಂತ್ರಾಂಶದ ಒಳಹೋಗಬೇಕಿತ್ತು. ಮೊದಲು ಬಂದ ಖಾತೆ ಅರ್ಜಿಗೆ ಮೊದಲ ಸರದಿ. ಹಳೆಯ ದಾರಿ ತೆರೆದೇ ಇದ್ದಿದ್ದರೆ ತರಬೇತಿ ಪಡೆದವರೂ ಅದಕ್ಕೇ ಮರಳುತ್ತಿದ್ದರು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೂ ಖಾತೆ ಬದಲಾವಣೆಯ ಸ್ಥಳ ಪರಿಶೀಲನೆ ಹಳ್ಳಿಯ ಮಟ್ಟದ ಸಿಬ್ಬಂದಿಯಲ್ಲೇ ಉಳಿಯಿತು. ಪಹಣಿ ಪಡೆಯಲು ಅವರ ಬಾಗಿಲಿಗೆ ಹೋಗಬೇಕಾಗಿರಲಿಲ್ಲ. ಖಾತೆ ಬದಲಿಸಲು ಮಾತ್ರ ಅವರ ವರದಿಗೆ ಕಾಯಬೇಕಿತ್ತು.