ಬೇಲಿ ಇದೆ, ಹೂವೇ ಇಲ್ಲ: ಇಂಗ್ಲೆಂಡಿನ ನಾಯಿ ಗುಲಾಬಿಗೆ ಏನಾಯ್ತು?

ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿ ರಸ್ತೆಗಳಲ್ಲಿ ಓಡಾಡಿದವರು ಈ ಹೂವನ್ನು ನೋಡಿರುತ್ತಾರೆ. ಬೇಲಿಯ ಮೇಲಿಂದ ಕಮಾನಿನಂತೆ ಬಾಗಿದ ಮುಳ್ಳಿನ ಕೊಂಬೆ, ಅದರ ತುಂಬ ಐದೇ ಎಸಳಿನ ಹೂಗಳು. ಕೆಲವು ಬಿಳಿ, ಕೆಲವು ತಿಳಿ ಗುಲಾಬಿ ಬಣ್ಣ. ಅಲ್ಲಿನವರು ಇದನ್ನು ಡಾಗ್ ರೋಸ್, ಅಂದರೆ ನಾಯಿ ಗುಲಾಬಿ ಅಂತಾರೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ರೋಸಾ ಕನೈನಾ. ಹುಚ್ಚುನಾಯಿ ಕಡಿದರೆ ಇದರ ಬೇರು ಮದ್ದು ಎಂಬ ನಂಬಿಕೆ ರೋಮನ್ನರ ಕಾಲದಿಂದಲೂ ಇತ್ತು. ನಮ್ಮಲ್ಲಿ ಈ ಗಿಡ ಬೆಳೆಯುವುದಿಲ್ಲ. ಆದರೆ ಮುಖಕ್ಕೆ ಹಚ್ಚುವ ರೋಸ್‌ಹಿಪ್ ಎಣ್ಣೆಯ ಬಾಟಲಿ ಈಗ ನಮ್ಮ ಊರಿನ ಅಂಗಡಿಗಳಲ್ಲೂ ಸಿಗುತ್ತದೆ ಅಲ್ವಾ, ಅದು ಇದರ ಮತ್ತು ಇದರ ದಾಯಾದಿ ಗಿಡಗಳ ಬೀಜದಿಂದ ತೆಗೆದದ್ದೇ.

ಇಂಗ್ಲೆಂಡಿನಲ್ಲಿ ಹಳೆಯ, ಮಹತ್ವದ ಬೇಲಿ ಕೀಳಬಾರದು ಎಂಬ ಕಾನೂನಿದೆ. ಹೊಸ ಬೇಲಿ ನೆಡಲು ದುಡ್ಡೂ ಸಿಕ್ಕಿದೆ. ಆದರೂ ಮೈಲಿಗಟ್ಟಲೆ ಬೇಲಿಯ ಪಕ್ಕ ನಡೆದರೂ ಒಂದು ಹೂವು ಕಾಣದ ಜಾಗಗಳಿವೆ. ಗಿಡ ಅಲ್ಲೇ ಇರುತ್ತದೆ, ಹೂ ಬಿಡಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಇದು ಹೇಗಾಯ್ತು ಅಂತ ತಿಳಿಯಬೇಕಾದರೆ ಬೇಲಿಯ ಕಥೆಯಿಂದಲೇ ಶುರು ಮಾಡಬೇಕು.

ಅಲ್ಲಿ ಬೇಲಿ ಎಂದರೆ ಕಲ್ಲುಕಂಬ, ತಂತಿ ಅಲ್ಲ. ಸಾಲಾಗಿ ನೆಟ್ಟು ಒತ್ತಾಗಿ ಬೆಳೆಸಿದ ಜೀವಂತ ಗಿಡಗಳು. ಅವುಗಳಲ್ಲಿ ಕೆಲವಕ್ಕೆ ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. ಆದರೆ ಈಗ ಕಾಣುವ ನೇರ ಗೆರೆಯ ಬೇಲಿಗಳಲ್ಲಿ ಬಹುಪಾಲು ಹುಟ್ಟಿದ್ದು ಜಮೀನು ಕಿತ್ತುಕೊಂಡ ಕಾಲದಲ್ಲಿ. ನಮ್ಮ ಗೋಮಾಳದ ಹಾಗೆ ಊರಿನ ಬಡವರು ದನ ಮೇಯಿಸಿಕೊಂಡು, ಸೌದೆ ತಂದುಕೊಂಡು ಬದುಕುತ್ತಿದ್ದ ನೆಲವನ್ನು ಪಾರ್ಲಿಮೆಂಟು ಕಾಯಿದೆ ಮಾಡಿ ಭೂಮಾಲೀಕರ ಹೆಸರಿಗೆ ಹಂಚಿತು. 1604ರಿಂದ 1914ರ ನಡುವೆ ಇಂಥ ಕಾಯಿದೆಗಳು 5,200ಕ್ಕೂ ಹೆಚ್ಚು. ಅವುಗಳ ಅಡಿ ಬಂದ ನೆಲ ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗ. ಹಂಚಿಕೊಂಡ ಪ್ರತಿ ತುಂಡಿಗೂ ಗಡಿ ಬೇಕಿತ್ತು. ಅದಕ್ಕೆ ಹಾಥಾರ್ನ್ ಎಂಬ ಮುಳ್ಳುಗಿಡವನ್ನು ಸಾಲುಸಾಲಾಗಿ ನೆಟ್ಟರು. ಈಗ ನಾವು ಕಣ್ತುಂಬಾ ನೋಡುವ ಬೇಲಿ ಅಂದಿನ ಬಡವರಿಗೆ ದಾರಿ ಮುಚ್ಚಿದ ಗೋಡೆಯಾಗಿತ್ತು. ಇದನ್ನು ಮರೆತು ಬೇಲಿಯ ಚಂದವನ್ನಷ್ಟೇ ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಆ ಬೇಲಿಗಳಲ್ಲಿ ನಾಯಿ ಗುಲಾಬಿಯನ್ನು ಯಾರೂ ನೆಡಬೇಕಾಗಿರಲಿಲ್ಲ. ಹಕ್ಕಿಗಳು ಇದರ ಕೆಂಪು ಹಣ್ಣು ತಿಂದು, ಬೇಲಿಯ ಮೇಲೆ ಕೂತು ಹಿಕ್ಕೆ ಹಾಕಿದವು, ಬೀಜ ಅಲ್ಲೇ ಬಿದ್ದು ಮೊಳೆಯಿತು. ಬೇಲಿ ಹಳೆಯದಾದಷ್ಟೂ ಅದರಲ್ಲಿ ಗಿಡಗಳ ಜಾತಿ ಜಾಸ್ತಿ. ಮ್ಯಾಕ್ಸ್ ಹೂಪರ್ ಎಂಬ ವಿಜ್ಞಾನಿ ಇದರಿಂದಲೇ ಒಂದು ಲೆಕ್ಕ ಕೊಟ್ಟರು. 30 ಗಜ ಉದ್ದದ ಬೇಲಿಯಲ್ಲಿ ಎಷ್ಟು ಜಾತಿಯ ಮರ, ಪೊದೆಗಳಿವೆಯೋ ಆ ಬೇಲಿಗೆ ಸುಮಾರು ಅಷ್ಟು ನೂರು ವರ್ಷ ವಯಸ್ಸು. ಎಲ್ಲ ಕಡೆಯೂ ಹೊಂದುವ ಲೆಕ್ಕ ಇದಲ್ಲ, ಆದರೂ ಜನ ಬೇಲಿಯನ್ನು ಹತ್ತಿರ ಹೋಗಿ ನೋಡುವಂತೆ ಮಾಡಿತು.

ಹತ್ತಿರ ಹೋದರೆ ಈ ಹೂವಿನಲ್ಲಿ ನೋಡಲು ತುಂಬಾ ಇದೆ. ಹೂವನ್ನು ತಿರುಗಿಸಿ ಅದರ ಕೆಳಗೆ ನೋಡಿ. ಮೊಗ್ಗನ್ನು ಮುಚ್ಚಿಕೊಂಡಿದ್ದ ಐದು ಪುಟ್ಟ ಹಸಿರು ಎಲೆಗಳಿರುತ್ತವೆ. ಅವುಗಳಲ್ಲಿ ಎರಡಕ್ಕೆ ಎರಡೂ ಅಂಚಿನಲ್ಲಿ ಗಡ್ಡದಂಥ ಎಳೆಗಳು, ಎರಡಕ್ಕೆ ಏನೂ ಇಲ್ಲ, ಇನ್ನೊಂದಕ್ಕೆ ಒಂದೇ ಕಡೆ. ಮೊಗ್ಗಾಗಿದ್ದಾಗ ಹೊರಗೆ ಉಳಿದ ಅಂಚಿಗೆ ಮಾತ್ರ ಗಡ್ಡ, ಪಕ್ಕದ ಎಲೆಯ ಅಡಿಗೆ ಸೇರಿದ ಅಂಚು ಬೋಳು. ಐವರು ಅಣ್ಣತಮ್ಮಂದಿರು, ಇಬ್ಬರಿಗೆ ಗಡ್ಡ, ಇಬ್ಬರಿಗಿಲ್ಲ, ಒಬ್ಬನಿಗೆ ಅರ್ಧ, ಯಾರು ಹೇಳಿ ಎಂದು ಯುರೋಪಿನಲ್ಲಿ ಹಳೆಯ ಒಗಟೇ ಇದೆ.

ಇದರ ವಂಶ ಬೆಳೆಯುವ ರೀತಿಯೂ ಬೇರೆ ಗಿಡಗಳಂತಲ್ಲ. ಸಾಮಾನ್ಯವಾಗಿ ಗಿಡದ ಮರಿಗೆ ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಕ್ರೋಮೋಸೋಮ್ (ವಂಶದ ಗುಣ ಹೊತ್ತ ಎಳೆಗಳು) ಬರುತ್ತವೆ. ನಾಯಿ ಗುಲಾಬಿಗೆ ಇರುವುದು 35. ಪರಾಗದ ಪಾಲು 7, ತಾಯಿಯ ಪಾಲು 28. 1920ರ ದಶಕದ ಶುರುವಿನಲ್ಲಿ ಸ್ವೀಡನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ಹೀಗಾಗಿ ಮರಿ ಬಹುಪಾಲು ತಾಯಿಯನ್ನೇ ಹೋಲುತ್ತದೆ. ಒಂದು ಊರಿನ ಬೇಲಿಯ ಹೂವು ಬಿಳಿ, ಪಕ್ಕದ ಊರಿನದು ಗುಲಾಬಿ, ಒಂದರ ಎಲೆ ನುಣುಪು, ಇನ್ನೊಂದರದು ಒರಟು. ಹಳೆಯ ಬೇಲಿ ಕಿತ್ತು ಎಲ್ಲೋ ಬೆಳೆಸಿದ ನರ್ಸರಿ ಸಸಿ ನೆಟ್ಟರೆ ಬೇಲಿ ಮತ್ತೆ ಬರುತ್ತದೆ ನಿಜ. ಆದರೆ ಆ ಜಾಗದ ತಾಯಿಬಳ್ಳಿ ಹೋದರೆ ಹೋಯ್ತು.

ತೋಟಗಾರರಿಗೂ ಈ ಗಿಡದ ಮೇಲೆ ಕಣ್ಣಿತ್ತು. 19ನೇ ಶತಮಾನದಲ್ಲಿ ಬೇಲಿಗಳಿಂದ ಗಟ್ಟಿ ಕಾಂಡಗಳನ್ನು ಬೇರು ಸಮೇತ ಅಗೆದು ತಂದು ಮಾರುತ್ತಿದ್ದರು, ಅದರ ಮೇಲೆ ದೊಡ್ಡ ಹೂವಿನ ಗುಲಾಬಿಯನ್ನು ಕಣ್ಣು ಕಸಿ ಮಾಡುತ್ತಿದ್ದರು. ಚಳಿಗೆ ಜಗ್ಗದ, ಅಂಟು ಮಣ್ಣಿಗೂ ಹೆದರದ ಬೇರು ಇದರದ್ದು. ಕಸಿ ಗುಲಾಬಿ ಸೊರಗಿದಾಗ ಬುಡದಿಂದ ಕಾಡು ಚಿಗುರು ನುಗ್ಗುತ್ತದೆ, ಕೊನೆಗೆ ಅಂಗಳದಲ್ಲಿ ಉಳಿಯುವುದು ನಾಯಿ ಗುಲಾಬಿಯೇ. ನಮ್ಮ ನರ್ಸರಿಗಳಲ್ಲಿ ಬೇರೆ ಜಾತಿಯ ಬುಡ ಬಳಸುತ್ತಾರೆ, ಆದರೆ ಬುಡದ ಚಿಗುರಿನ ಕಾಟ ಕಸಿ ಗುಲಾಬಿ ಬೆಳೆಸಿದವರಿಗೆಲ್ಲ ಗೊತ್ತಿರುವುದೇ.

ಈ ಗಿಡ ಇಡೀ ದೇಶಕ್ಕೆ ಬೇಕಾದದ್ದು ಎರಡನೇ ಮಹಾಯುದ್ಧದಲ್ಲಿ. ಜರ್ಮನಿಯ ಸಬ್‌ಮರೀನುಗಳು ಹಡಗುಗಳನ್ನು ಮುಳುಗಿಸುತ್ತಿದ್ದವು, ಕಿತ್ತಳೆ ಬರುವುದು ಹೆಚ್ಚುಕಡಿಮೆ ನಿಂತಿತ್ತು. ಮಕ್ಕಳಿಗೆ ವಿಟಮಿನ್ ಸಿ ಎಲ್ಲಿಂದ ತರುವುದು? ಒಂದೇ ತೂಕ ಇಟ್ಟು ನೋಡಿದರೆ ಕಿತ್ತಳೆಗಿಂತ ಎಷ್ಟೋ ಪಟ್ಟು ಜಾಸ್ತಿ ವಿಟಮಿನ್ ಸಿ ಬೇಲಿಯ ಈ ಹಣ್ಣಿನಲ್ಲಿತ್ತು. 1941ರಲ್ಲಿ ಆರೋಗ್ಯ ಇಲಾಖೆ ಹಣ್ಣು ಸಂಗ್ರಹಕ್ಕೆ ಕೈ ಹಾಕಿತು. ಶಾಲೆ ಮಕ್ಕಳು, ಸ್ಕೌಟುಗಳು, ಮಹಿಳಾ ಸಂಘದವರು ಬುಟ್ಟಿ ಹಿಡಿದು ಹೊರಟರು. ಯುದ್ಧದ ವರ್ಷಗಳಲ್ಲಿ ಹೀಗೆ ಕೈಯಿಂದ ಕಿತ್ತ ಹಣ್ಣು ವರ್ಷಕ್ಕೆ ನೂರಾರು ಟನ್.

ಅದರಿಂದ ಸಿರಪ್ ಮಾಡುವುದು ಸುಲಭದ ಕೆಲಸವಲ್ಲ. ಹಣ್ಣಿನೊಳಗೆ ಬೀಜದ ಸುತ್ತ ಸಣ್ಣ ಸಣ್ಣ ರೋಮಗಳಿರುತ್ತವೆ. ಅವು ಗಂಟಲಿಗೆ ಹೋದರೆ ಉರಿ, ಮೈಗೆ ತಾಗಿದರೆ ತುರಿಕೆ. (ಮಕ್ಕಳು ಇದನ್ನೇ ಒಬ್ಬರ ಅಂಗಿಯೊಳಗೆ ಇನ್ನೊಬ್ಬರು ಹಾಕಿ ಆಟ ಆಡುತ್ತಿದ್ದರು.) ಸರ್ಕಾರ ಮನೆಮನೆಗೆ ಹೇಳಿಕೊಟ್ಟ ವಿಧಾನ ಹೀಗಿತ್ತು: ಹಣ್ಣನ್ನು ತರಿತರಿಯಾಗಿ ರುಬ್ಬಿದ ತಕ್ಷಣ ಕುದಿಯುವ ನೀರಿಗೆ ಹಾಕಬೇಕು, ಏಕೆಂದರೆ ರುಬ್ಬಿ ಸುಮ್ನೆ ಬಿಟ್ಟರೆ ವಿಟಮಿನ್ ಹಾಳಾಗುತ್ತದೆ. ಆಮೇಲೆ ಬಟ್ಟೆಯಲ್ಲಿ ಸೋಸಬೇಕು, ಉಳಿದ ಚರಟವನ್ನು ಮತ್ತೆ ಕುದಿಸಿ ಮತ್ತೆ ಸೋಸಬೇಕು, ರಸ ಬತ್ತಿಸಿ ಸಕ್ಕರೆ ಹಾಕಬೇಕು. ಯುದ್ಧ ಮುಗಿದ ಮೇಲೂ ಎಷ್ಟೋ ವರ್ಷ ಉತ್ತರ ಇಂಗ್ಲೆಂಡಿನ ಮಕ್ಕಳು ಡೆಲ್ರೋಸಾ ಎಂಬ ಸಿರಪ್ಪಿಗಾಗಿ ಹಣ್ಣು ಕಿತ್ತು ಶಾಲೆಗೆ ತರುತ್ತಿದ್ದರು. ಪೌಂಡು ತೂಕಕ್ಕೆ ಮೂರು ಪೆನ್ಸ್ ಸಿಗುತ್ತಿತ್ತು.

ಬೇಲಿಗೆ ದೊಡ್ಡ ಏಟು ಬಿದ್ದದ್ದೂ ಅದೇ ಯುದ್ಧ ಮುಗಿದ ಮೇಲೆ. ಹಸಿವಿನ ಭಯ ಇನ್ನೂ ಹೋಗಿರಲಿಲ್ಲ, ಜಾಸ್ತಿ ಬೆಳೆಯಬೇಕು ಎಂಬುದೇ ಎಲ್ಲರ ಮಾತಾಗಿತ್ತು. ದೊಡ್ಡ ಟ್ರ್ಯಾಕ್ಟರು, ಕಂಬೈನುಗಳಿಗೆ ಸಣ್ಣ ಹೊಲ ಆಗಿಬರುವುದಿಲ್ಲ. ಬೇಲಿ ಕಿತ್ತು ಹೊಲ ಸೇರಿಸಿಕೊಳ್ಳಲು ಸರ್ಕಾರವೇ ರೈತರಿಗೆ ಸಹಾಯಧನ ಕೊಟ್ಟಿತು. ಕೆಲವು ದಶಕಗಳಲ್ಲಿ ದೇಶದ ಬೇಲಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹೋದವು. ರೈತರನ್ನಷ್ಟೇ ದೂರುವುದು ತಪ್ಪು, ಅವರು ಮಾಡಿದ್ದು ಸರ್ಕಾರ ದುಡ್ಡು ಕೊಟ್ಟು ಮಾಡಿಸಿದ ಕೆಲಸ.

ಕೊನೆಗೆ 1997ರಲ್ಲಿ ಬೇಲಿ ರಕ್ಷಣೆಗೆ ನಿಯಮ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಹಳ್ಳಿಗಾಡಿನಲ್ಲಿ 20 ಮೀಟರ್ ಅಥವಾ ಅದಕ್ಕಿಂತ ಉದ್ದದ ಬೇಲಿ ಕೀಳುವ ಮುಂಚೆ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು. ಬೇಲಿಗೆ 30 ವರ್ಷ ದಾಟಿದ್ದು, ಅದು ಮಹತ್ವದ್ದು ಎಂದಾದರೆ ಕೀಳುವಂತಿಲ್ಲ. ಮಹತ್ವ ಅಳೆಯಲು ಎಣಿಸುವ ಗಿಡಗಳ ಪಟ್ಟಿಯಲ್ಲಿ ಗುಲಾಬಿಗೂ ಜಾಗ ಇದೆ. ಅಂದರೆ ನಾಯಿ ಗುಲಾಬಿ ಇದ್ದರೆ ಬೇಲಿ ಉಳಿಯುವ ಸಾಧ್ಯತೆ ಜಾಸ್ತಿ. ಮನೆಯ ಕೈತೋಟದ ಬೇಲಿಗೆ ಈ ನಿಯಮ ಇಲ್ಲ.

ಆದರೆ ಆ ನಿಯಮ ಕೀಳುವುದನ್ನು ತಡೆಯಿತು, ಕತ್ತರಿಸುವುದನ್ನಲ್ಲ. ಈಗ ತೊಂದರೆ ಇರುವುದು ಅಲ್ಲೇ. ಮೊದಲು ಕೈಗತ್ತಿಯಲ್ಲಿ ಸಾವಕಾಶವಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ಮಾಡುತ್ತದೆ. ಎಷ್ಟೋ ಕಡೆ ಪ್ರತಿ ವರ್ಷ ಸುಗ್ಗಿ ಮುಗಿದ ಕೂಡಲೇ ಬೇಲಿಯನ್ನು ಅದೇ ಎತ್ತರಕ್ಕೆ ಸವರಿಬಿಡುತ್ತಾರೆ. ನಾಯಿ ಗುಲಾಬಿ ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕೊಂಬೆಯ ಮೇಲೆ. ಈ ವರ್ಷ ಚಿಗುರಿದ್ದನ್ನು ಸೆಪ್ಟೆಂಬರಿನಲ್ಲಿ ಕತ್ತರಿಸಿದರೆ ಮುಂದಿನ ಜೂನಿಗೆ ಹೂ ಎಲ್ಲಿಂದ ಬರಬೇಕು? ಈ ವರ್ಷದ ಹಣ್ಣೂ ಆ ಕೊಂಬೆಗಳ ಜೊತೆಗೇ ನೆಲಕ್ಕೆ ಬೀಳುತ್ತದೆ. ಚಳಿಗಾಲಕ್ಕೆ ಉತ್ತರದ ದೇಶಗಳಿಂದ ಹಾರಿ ಬರುವ ಫೀಲ್ಡ್‌ಫೇರ್, ರೆಡ್‌ವಿಂಗ್ ಹಕ್ಕಿಗಳಿಗೆ ಹೊಟ್ಟೆಗಿಲ್ಲ. ಅಲ್ಲಿನ ವಿಜ್ಞಾನಿಗಳು ಹಾಥಾರ್ನ್ ಬೇಲಿಗಳಲ್ಲಿ ಐದು ವರ್ಷ ಪ್ರಯೋಗ ಮಾಡಿ ನೋಡಿದ್ದಾರೆ. ಪ್ರತಿ ವರ್ಷ ಕತ್ತರಿಸುವ ಬದಲು ಮೂರು ವರ್ಷಕ್ಕೊಮ್ಮೆ ಕತ್ತರಿಸಿದರೆ ಹೂವು ಎರಡು ಪಟ್ಟಿಗಿಂತ ಜಾಸ್ತಿ, ಹಣ್ಣಿನ ತೂಕ ಮೂರು ಪಟ್ಟಿಗಿಂತ ಜಾಸ್ತಿ. ಹಾಥಾರ್ನ್ ಕೂಡ ಹಳೆಯ ಕೊಂಬೆಯಲ್ಲೇ ಹೂ ಬಿಡುವ ಗಿಡ.

ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ, ಸಹಾಯಧನ ಪಡೆಯುವ ರೈತರು ಬೇಲಿಯ ವಿಷಯದಲ್ಲಿ ಪಾಲಿಸಬೇಕಿದ್ದ ಹಳೆಯ ಷರತ್ತುಗಳು 2023ರ ಕೊನೆಗೆ ಬಿದ್ದುಹೋದವು. 2024ರ ಮೇ ತಿಂಗಳಲ್ಲಿ ಇಂಗ್ಲೆಂಡಿಗೆ ಹೊಸ ನಿಯಮ ಬಂತು. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಲಿ ಕತ್ತರಿಸುವಂತಿಲ್ಲ, ಬೇಲಿಯ ನಡುವಿನಿಂದ ಎರಡು ಮೀಟರ್ ಉಳುವಂತಿಲ್ಲ, ಔಷಧಿ ಹೊಡೆಯುವಂತಿಲ್ಲ. ಗೂಡು ಕಟ್ಟುವ ಹಕ್ಕಿಗೆ ಇದು ಒಳ್ಳೆಯದು. ಆದರೆ ಗುಲಾಬಿ ಹಣ್ಣು ಕೆಂಪಾಗುವುದೇ ಸೆಪ್ಟೆಂಬರಿನ ಹೊತ್ತಿಗೆ, ಅಷ್ಟರಲ್ಲಿ ನಿಷೇಧ ಮುಗಿದಿರುತ್ತದೆ. ಎರಡು ಮೂರು ವರ್ಷ ಕತ್ತರಿಸದೆ ಬಿಡುವ ರೈತರಿಗೆ ದುಡ್ಡು ಕೊಡುವ ಯೋಜನೆಯೂ ಇತ್ತು. 2025ರ ಮಾರ್ಚ್‌ನಲ್ಲಿ ಅದಕ್ಕೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ಸರ್ಕಾರ ದಿಢೀರನೆ ನಿಲ್ಲಿಸಿತು. ಅದಕ್ಕೂ ಮೊದಲು, 2023ರಲ್ಲಿ, ಸರ್ಕಾರ ಇಟ್ಟುಕೊಂಡ ಗುರಿ 2050ರ ಹೊತ್ತಿಗೆ 45,000 ಮೈಲಿ ಬೇಲಿ ನೆಡುವುದು ಇಲ್ಲವೇ ಸರಿಪಡಿಸುವುದು. ಗುರಿ ದೊಡ್ಡದೇ. ಆದರೆ ಮೈಲಿ ಎಣಿಸಿದರೆ ಹೂವು ಲೆಕ್ಕಕ್ಕೆ ಬರುವುದಿಲ್ಲ. ಮೊಣಕಾಲೆತ್ತರಕ್ಕೆ ಸವರಿದ ಬೇಲಿಯೂ ಒಂದು ಮೈಲಿಯೇ.

ಪರಿಹಾರಕ್ಕೆ ಹೊಸ ಯಂತ್ರ ಬೇಡ. ಒಂದು ಹೊಲದ ಬೇಲಿಗಳಲ್ಲಿ ಮೂರನೇ ಒಂದು ಭಾಗವನ್ನು ಈ ವರ್ಷ, ಇನ್ನೊಂದನ್ನು ಮುಂದಿನ ವರ್ಷ ಅಂತ ಸರದಿಯ ಮೇಲೆ ಕತ್ತರಿಸಿದರೆ ಯಾವಾಗಲೂ ಎಲ್ಲೋ ಒಂದು ಕಡೆ ಹೂವಿರುತ್ತದೆ. ಕತ್ತರಿಸುವುದನ್ನು ಸೆಪ್ಟೆಂಬರಿನಿಂದ ಜನವರಿ, ಫೆಬ್ರವರಿಗೆ ಮುಂದೂಡಬೇಕು, ಅಷ್ಟರಲ್ಲಿ ಹಕ್ಕಿಗಳು ಹಣ್ಣು ತಿಂದು ಮುಗಿಸಿರುತ್ತವೆ. ನೆಲ ಒದ್ದೆಯಿದ್ದಾಗ ಟ್ರ್ಯಾಕ್ಟರು ಹೂತುಹೋಗುತ್ತದೆ ಎಂದು ರೈತರು ಹೇಳುವುದು ನಿಜವಾದ ಕಷ್ಟ, ಎಲ್ಲ ಹೊಲಗಳಿಗೂ ಫೆಬ್ರವರಿ ಹೊಂದುವುದಿಲ್ಲ. ಅಂಥ ಕಡೆ ಸರದಿಯನ್ನಾದರೂ ಪಾಲಿಸಬಹುದು. ಇಂಗ್ಲೆಂಡಿನಲ್ಲಿ ಹಿತ್ತಲಿರುವ ಮನೆ ಮಾಡಿಕೊಂಡಿರುವ ನಮ್ಮವರು ನವೆಂಬರಿನಿಂದ ಮಾರ್ಚ್‌ವರೆಗೆ ಸಿಗುವ ಬರಿಬೇರಿನ (ಮಣ್ಣಿಲ್ಲದೆ ಮಾರುವ) ಸಸಿ ತಂದು ನೆಡಬಹುದು. ಕುಂಡದ ಸಸಿಗಿಂತ ಅಗ್ಗ. ಕೊಳ್ಳುವಾಗ ಬೀಜ ಎಲ್ಲಿಯದು ಅಂತ ನರ್ಸರಿಯವರನ್ನು ಕೇಳಿ, ಆ ಸುತ್ತಿನ ಬೇಲಿಗಳಿಂದಲೇ ಆಯ್ದದ್ದಾದರೆ ಅದನ್ನೇ ತನ್ನಿ.