ಓಡುವ ಹೆಣಗಳು, ತಡವಾಗಿ ಬಂದ ಸುದ್ದಿ

ಎಲಿಮಿನೇಷನ್ ರಾತ್ರಿ. ಸ್ಟುಡಿಯೋ ಹೊರಗೆ ಜನ ಕಿರುಚುತ್ತಿದ್ದಾರೆ. ಒಳಗೆ ಸ್ಪರ್ಧಿಗಳು ಯಾರು ಮನೆಗೆ ಹೋಗ್ತಾರೋ ಎಂದು ಉಗುರು ಕಚ್ಚುತ್ತಿದ್ದಾರೆ. ಅಷ್ಟರಲ್ಲಿ ಹೊರಗೆ ಗದ್ದಲ. ನೋಡನೋಡುತ್ತಿದ್ದಂತೆ ಪ್ರೇಕ್ಷಕರು, ಸಿಬ್ಬಂದಿ, ಕಡೆಗೆ ನಿರೂಪಕಿ ಕೂಡ ಜೋಂಬಿಗಳಾಗುತ್ತಾರೆ, ಅಂದರೆ ಸತ್ತ ಮೇಲೂ ಎದ್ದು ಕಚ್ಚಲು ಬರುವ ಹೆಣಗಳು. ಒಳಗಿನವರಿಗೆ ಮಾತ್ರ ಇದ್ಯಾವುದೂ ಗೊತ್ತಿಲ್ಲ. ಆಟ ನಡೀತಾ ಇದೆ ಎಂದೇ ಅವರು ನಂಬಿದ್ದಾರೆ.

ಇದು 'ಡೆಡ್ ಸೆಟ್'. 2008ರ ಅಕ್ಟೋಬರ್ 27ರಿಂದ 31ರ ಹ್ಯಾಲೋವೀನ್ ತನಕ, ಐದು ರಾತ್ರಿ, ಬ್ರಿಟನ್ನಿನ ಇ4 ಚಾನೆಲ್‌ನಲ್ಲಿ ಬಂದ ಸರಣಿ. ಬರೆದವರು ಚಾರ್ಲಿ ಬ್ರೂಕರ್. ಮುಂದೆ 'ಬ್ಲ್ಯಾಕ್ ಮಿರರ್' ಮಾಡಿದ್ದೂ ಇವರೇ. ಇದರಲ್ಲಿ ಬರುವ ಮನೆ 'ಬಿಗ್ ಬ್ರದರ್' ಮನೆ. ಆ ಕಾರ್ಯಕ್ರಮದ ನಿಜವಾದ ನಿರೂಪಕಿ ಡವಿನಾ ಮೆಕಾಲ್ ಅವರೇ ತಮ್ಮ ಪಾತ್ರ ಮಾಡಿ, ಜೋಂಬಿಯಾಗಿ ಓಡಾಡಿದರು. ನಮ್ಮ ಬಿಗ್ ಬಾಸ್ ಕೂಡ ಅದೇ ಮನೆತನದ್ದು. ಕಿಚ್ಚನ ಪಂಚಾಯ್ತಿ ನಡುವೆ ಇಂಥದ್ದಾದರೆ ಹೇಗಿರುತ್ತೆ, ನೀವೇ ಊಹಿಸಿಕೊಳ್ಳಿ.

ಸರಣಿ ಮುಗಿದ ಮೇಲೆ ಜಗಳ ಎದ್ದಿದ್ದು ರಕ್ತದ ವಿಷಯಕ್ಕಲ್ಲ, ಓಟದ ವಿಷಯಕ್ಕೆ. ಈ ಜೋಂಬಿಗಳು ಕಾಲೆಳೆದುಕೊಂಡು ಬರುವುದಿಲ್ಲ, ಅಟ್ಟಿಸಿಕೊಂಡು ಬರುತ್ತವೆ. ನಟ ಸೈಮನ್ ಪೆಗ್ 'ಗಾರ್ಡಿಯನ್' ಪತ್ರಿಕೆಯಲ್ಲಿ ಲೇಖನವನ್ನೇ ಬರೆದು ತಕರಾರು ತೆಗೆದರು. ಸತ್ತವರು ನಿಧಾನವಾಗಿಯೇ ನಡೆಯಬೇಕು ಅನ್ನುವುದು ಅವರ ವಾದ.

ಜೀವವಿಜ್ಞಾನವನ್ನು ಕೇಳಿದರೆ ಬ್ರೂಕರ್, ಪೆಗ್ ಇಬ್ಬರೂ ಸೋತರು. ಸ್ನಾಯು ಬಿಗಿಯಾಗಿ ಮತ್ತೆ ಸಡಿಲಾಗಲು ಎಟಿಪಿ ಎಂಬ ಅಣು ಬೇಕು. ಉಸಿರಾಟ, ರಕ್ತದ ಓಡಾಟ ನಿಂತರೆ ಅದರ ತಯಾರಿಯೂ ನಿಲ್ಲುತ್ತದೆ. ತಮಾಷೆ ಏನೆಂದರೆ, ಬಿಗಿಯಾದ ಸ್ನಾಯುವನ್ನು ಬಿಡಿಸಲೂ ಅದೇ ಎಟಿಪಿ ಬೇಕು. ಅದು ಖಾಲಿಯಾದರೆ ಸ್ನಾಯುವಿನ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಹಾಗೇ ನಿಂತುಬಿಡುತ್ತವೆ. ಸತ್ತ ಕೆಲವು ಗಂಟೆಗಳಲ್ಲಿ ಹೆಣ ಸೆಟೆದುಕೊಳ್ಳುವುದು ಇದಕ್ಕೇ. ಅಂದರೆ ಜೋಂಬಿ ಓಡುವುದು ಹಾಗಿರಲಿ, ತೆವಳುವುದೂ ಇಲ್ಲ. ಮರದ ಕೊರಡಿನ ಹಾಗೆ ಬಿದ್ದಿರುತ್ತದೆ. ಅಂಥ ಸರಣಿಯನ್ನು ಯಾರು ನೋಡ್ತಾರೆ?

ಆದರೆ ಸೋಂಕಿನ ಲೆಕ್ಕದಲ್ಲಿ ವೇಗ ನಿಜಕ್ಕೂ ಮುಖ್ಯ. ಆ ಲೆಕ್ಕದ ಬೇರು ಹುಡುಕುತ್ತಾ ಹೋದರೆ, ಸೀದಾ ನಮ್ಮ ಬಾಂಬೆಗೆ ಬರುತ್ತೇವೆ.

ಆಂಡರ್ಸನ್ ಮೆಕೆಂಡ್ರಿಕ್ ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಡಾಕ್ಟರ್. ಹಿಮಾಚಲದ ಕಸೌಲಿಯ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲಿ ಕೆಲಸ ಮಾಡಿದವರು. ಹುಚ್ಚುನಾಯಿ ಕಚ್ಚಿದವರು ಚಿಕಿತ್ಸೆಗೆ ಹೋಗುತ್ತಿದ್ದ ಜಾಗ ಅದು. ಮುಂದೆ ಎಡಿನ್‌ಬರೋದಲ್ಲಿ ಅವರಿಗೆ ಜೊತೆಯಾದವರು ವಿಲಿಯಂ ಕೆರ್ಮ್ಯಾಕ್. ಇವರು ರಸಾಯನ ವಿಜ್ಞಾನಿ. 1924ರಲ್ಲಿ ಪ್ರಯೋಗಾಲಯದ ಅಪಘಾತದಲ್ಲಿ ಎರಡೂ ಕಣ್ಣು ಕಳೆದುಕೊಂಡಿದ್ದರು. 1927ರಲ್ಲಿ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದರು. ಊರಿನ ಜನರನ್ನು ಮೂರು ಗುಂಪು ಮಾಡಿ, ಅಂದರು: ಕಾಯಿಲೆ ಇನ್ನೂ ತಗಲದವರು, ತಗಲಿದವರು, ಗುಣವಾಗಿಯೋ ಸತ್ತೋ ಆಟದಿಂದ ಹೊರಗೆ ಹೋದವರು. ಒಂದು ಗುಂಪಿನಿಂದ ಇನ್ನೊಂದಕ್ಕೆ ಎಷ್ಟು ಬೇಗ ಜನ ದಾಟುತ್ತಾರೆ ಎಂದು ಗೊತ್ತಾದರೆ ಸಾಕು, ಪಿಡುಗು ಏರಿ ಇಳಿಯುವ ಗೆರೆ ಬರೆಯಬಹುದು. ತಮ್ಮ ಗೆರೆಯನ್ನು ಅವರು ಹೋಲಿಸಿ ನೋಡಿದ್ದು 1905-06ರ ಬಾಂಬೆ ಪ್ಲೇಗಿನ ಸಾವುಗಳ ಜೊತೆ. ಚೆನ್ನಾಗಿಯೇ ಕೂತಿತು. (ಪ್ಲೇಗು ಇಲಿ, ಚಿಗಟಗಳ ಮೂಲಕ ಹರಡುವ ಕಾಯಿಲೆ. ಅದನ್ನೆಲ್ಲ ಬಿಟ್ಟು ಗೆರೆ ಕೂತದ್ದರಲ್ಲಿ ಅದೃಷ್ಟದ ಪಾಲೂ ಇತ್ತು ಅನ್ನಿ.)

ಆ ಪ್ರಬಂಧ ಹೇಳಿದ ದೊಡ್ಡ ಮಾತು ಒಂದಿದೆ. ಪಿಡುಗು ನಿಲ್ಲಲು ಊರಿನ ಎಲ್ಲರಿಗೂ ಕಾಯಿಲೆ ಬರಬೇಕಾಗಿಲ್ಲ. ತಗಲದವರ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಬೆಂಕಿಗೆ ಸೌದೆ ಸಾಲದೆ ತಾನೇ ಆರುತ್ತದೆ.

2009ರಲ್ಲಿ ಕೆನಡಾದ ಕೆಲವು ಗಣಿತಜ್ಞರು ಇದೇ ಲೆಕ್ಕವನ್ನು ಜೋಂಬಿಗಳಿಗೆ ಹಚ್ಚಿದರು. ಅವರಲ್ಲಿ ಒಬ್ಬರಾದ ಒಟ್ಟಾವಾದ ಪ್ರಾಧ್ಯಾಪಕರು ತಮ್ಮ ಹೆಸರಿನ ಕೊನೆಗೇ ಪ್ರಶ್ನಾರ್ಥಕ ಚಿಹ್ನೆ ಇಟ್ಟುಕೊಂಡವರು. ಸುಮ್ನೆ ಅಲ್ಲ, ರಾಬರ್ಟ್ ಸ್ಮಿತ್ ಎಂಬ ಹೆಸರು ಅಷ್ಟು ಮಾಮೂಲಿ. ಜೋಂಬಿ ಲೆಕ್ಕದಲ್ಲಿ ಒಂದು ಎಡವಟ್ಟಿದೆ. ಮೂರನೇ ಗುಂಪಿಗೆ ಹೋದವರು ಅಲ್ಲೇ ಇರುವುದಿಲ್ಲ, ಎದ್ದು ಬರುತ್ತಾರೆ. ಸತ್ತವರೂ ಸೌದೆಯೇ. ಹಾಗಾಗಿ ಬೆಂಕಿ ತಾನಾಗಿ ಆರುವ ಮಾತಿಲ್ಲ. ಬೇಗ ಬೇಗ, ಮತ್ತೆ ಮತ್ತೆ, ಜೋರಾಗಿ ತಿರುಗಿ ಬೀಳದಿದ್ದರೆ ಮನುಷ್ಯರ ಕಥೆ ಮುಗೀತು ಎಂದು ಅವರ ಲೆಕ್ಕ ಹೇಳಿತು. ಇದು ಬರೀ ಮೋಜಲ್ಲ. ಗೊತ್ತಿಲ್ಲದ ಕಾಯಿಲೆಗೆ ಸಮೀಕರಣ ಕಟ್ಟುವುದು ಹೇಗೆ ಎಂದು ಕಲಿಯಲು ಜೋಂಬಿ ಒಳ್ಳೆಯ ಪಾಠ.

ಈಗ ಡೆಡ್ ಸೆಟ್‌ನ ಓಟಕ್ಕೆ ಬರೋಣ. ನನಗೆ ಅನ್ನಿಸುವುದು, ಹೆದರಬೇಕಾದದ್ದು ಕಾಲಿನ ವೇಗಕ್ಕಲ್ಲ. ಕಚ್ಚಿದ್ದಕ್ಕೂ ಲಕ್ಷಣ ಕಾಣುವುದಕ್ಕೂ ನಡುವಿನ ಸಮಯಕ್ಕೆ. ಕಚ್ಚಿಸಿಕೊಂಡವನು ನಿಂತಲ್ಲೇ ಜೋಂಬಿಯಾದರೆ ಒಂದು ಅನುಕೂಲ ಇದೆ: ಅವನು ಟಿಕೆಟ್ ತಗೊಂಡು ವಿಮಾನ ಹತ್ತಲಾರ. ಯಾರಿಗೆ ಕಾಯಿಲೆ ಬಂದಿದೆ ಎಂದು ಎಲ್ಲರಿಗೂ ಕಾಣುತ್ತದೆ. ರಸ್ತೆ ಮುಚ್ಚಬಹುದು, ಗೋಡೆ ಕಟ್ಟಬಹುದು. ಅದೇ ಐದು ದಿನ ಆರಾಮಾಗಿ ಓಡಾಡಿಕೊಂಡಿದ್ದರೆ? ಮದುವೆಗೆ ಹೋಗುತ್ತಾನೆ, ಬಸ್ಸಲ್ಲಿ ನೇತಾಡುತ್ತಾನೆ, ಹತ್ತು ಜನರ ಕೈ ಕುಲುಕುತ್ತಾನೆ. ಕೋವಿಡ್ ಕಾಡಿದ್ದು ಹೀಗೇ. ಲಕ್ಷಣ ಕಾಣುವ ಮೊದಲೇ ಅದು ಇನ್ನೊಬ್ಬರಿಗೆ ದಾಟುತ್ತಿತ್ತು.

ಕಚ್ಚಿ ಹರಡುವ ಕಾಯಿಲೆಗಳಲ್ಲಿ ಜೋಂಬಿಗೆ ತೀರಾ ಹತ್ತಿರದ್ದು ರೇಬೀಸ್. ಜೊಲ್ಲು, ಸಿಟ್ಟು, ಕಚ್ಚುವ ಚಾಳಿ, ಎಲ್ಲವೂ ಇದೆ. ಲಕ್ಷಣ ಶುರುವಾದರೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಆದರೆ ಇಲ್ಲಿ ತಡ ನಮ್ಮ ಕಡೆಗಿದೆ. ರೇಬೀಸ್ ವೈರಸ್ ಗಾಯದಿಂದ ನರಗಳ ಒಳಗೇ ಮೆದುಳಿನ ಕಡೆಗೆ ಹೊರಡುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಪಾದಕ್ಕೆ ಕಚ್ಚಿದರೆ ದಾರಿ ದೂರ, ಮುಖಕ್ಕೆ ಕಚ್ಚಿದರೆ ಹತ್ತಿರ. ಅದು ಮೆದುಳು ಮುಟ್ಟುವ ಮೊದಲು ಲಸಿಕೆ ಕೆಲಸ ಮಾಡಿಬಿಡುತ್ತದೆ. ಕಚ್ಚಿಸಿಕೊಂಡ ಮೇಲೆ ಹಾಕಿಸಿಕೊಳ್ಳುವ ಲಸಿಕೆ ಫಲ ಕೊಡುವುದು ಇದರಿಂದಲೇ. ಗಾಯವನ್ನು ಹದಿನೈದು ನಿಮಿಷ ಸೋಪು, ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ ಮೆತ್ತುತ್ತಾ ಕೂರಬೇಡಿ.

ಇನ್ನು ಡೆಡ್ ಸೆಟ್‌ನ ಆ ಮನೆ. ಎತ್ತರದ ಗೋಡೆ, ಗಟ್ಟಿ ಗೇಟು, ಹೊರಗಿನವರ ಸಂಪರ್ಕವೇ ಇಲ್ಲ. ಸೋಂಕಿನಿಂದ ದೂರ ಇರಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಅದು ಕೆಡುವುದು ಒಳಗಿರುವವರಿಂದಲೇ. ಕೊನೆಗೆ ಗೇಟು ತೆರೆಯುವುದು ಜೋಂಬಿಗಳಲ್ಲ, ಜಗಳವಾಡಿಕೊಂಡ ಮನುಷ್ಯರು. ಬಿಗ್ ಬ್ರದರ್ ಕಲ್ಪನೆಗೆ ಸ್ಫೂರ್ತಿ ಎನ್ನಲಾಗುವ ಅಮೆರಿಕದ 'ಬಯೋಸ್ಫಿಯರ್ 2' ಕಥೆಯೂ ಹೀಗೇ. 1991ರಿಂದ ಎರಡು ವರ್ಷ ಎಂಟು ವಿಜ್ಞಾನಾಸಕ್ತರು ಅರಿಜೋನಾದ ಗಾಜಿನ ಕಟ್ಟಡದೊಳಗೆ ಇದ್ದರು. ಆಮ್ಲಜನಕ ಕಮ್ಮಿಯಾಗಿ ಹೊರಗಿನಿಂದ ತುಂಬಬೇಕಾಯಿತು. ಎಂಟು ಜನ ನಾಲ್ಕು ನಾಲ್ಕಾಗಿ ಒಡೆದರು. ನಾಮಿನೇಷನ್ ಇಲ್ಲದೆಯೇ!

ಗೋಡೆ ವೈರಸ್ಸನ್ನು ತಡೆಯುವಷ್ಟೇ ಚೆನ್ನಾಗಿ ಸುದ್ದಿಯನ್ನೂ ತಡೆಯುತ್ತದೆ. ಕನ್ನಡದ ಬಿಗ್ ಬಾಸ್ ಎಂಟನೇ ಸೀಸನ್ ಶುರುವಾಗಿದ್ದು 2021ರ ಫೆಬ್ರವರಿ ಕೊನೆಗೆ. ಆಗ ಕೋವಿಡ್‌ನ ಎರಡನೇ ಅಲೆ ಇನ್ನೂ ಎದ್ದಿರಲಿಲ್ಲ. ಮೇ ತಿಂಗಳಲ್ಲಿ ಆಟ ಅರ್ಧಕ್ಕೇ ನಿಂತು ಸ್ಪರ್ಧಿಗಳು ಹೊರಬಂದದ್ದು ಲಾಕ್‌ಡೌನ್ ಆದ ಕರ್ನಾಟಕಕ್ಕೆ.

ಡೆಡ್ ಸೆಟ್‌ಗೆ ಇನ್ನೂ ಹತ್ತಿರದ ಘಟನೆ ನಡೆದದ್ದು ಜರ್ಮನಿಯಲ್ಲಿ. ಅಲ್ಲಿನ ಬಿಗ್ ಬ್ರದರ್ ಸ್ಪರ್ಧಿಗಳು 2020ರ ಫೆಬ್ರವರಿ 6ರಂದು ಒಳಗೆ ಹೋದರು. ನಡುವೆ ಹೊಸದಾಗಿ ಸೇರಿದವರಿಗೆ ಹೊರಗಿನ ವಿಷಯ ಬಾಯಿ ಬಿಡಬಾರದು ಎಂಬ ಕಟ್ಟಪ್ಪಣೆ ಇತ್ತು. ಮಾರ್ಚ್ 17ರಂದು ನೇರ ಪ್ರಸಾರದಲ್ಲಿ ನಿರೂಪಕ ಒಬ್ಬ ಡಾಕ್ಟರ ಜೊತೆ ಬಂದು, ಗಾಜಿನ ಗೋಡೆಯ ಆಚೆ ನಿಂತು, ಜಗತ್ತಿನಲ್ಲಿ ಏನಾಗಿದೆ ಎಂದು ಹೇಳಿದರು. ಕೆಲವರು ಅತ್ತರು. ಮನೆಯವರ ವಿಡಿಯೋ ತೋರಿಸಿದರು.

ಎಣಿಸಿ ನೋಡಿ, ಫೆಬ್ರವರಿ 6ರಿಂದ ಮಾರ್ಚ್ 17ಕ್ಕೆ ಸರಿಯಾಗಿ ನಲವತ್ತು ದಿನ. ಪ್ಲೇಗಿನ ಕಾಲದಲ್ಲಿ ವೆನಿಸ್‌ನವರು ಹಡಗುಗಳನ್ನು ದಡಕ್ಕೆ ಬಿಡದೆ ನೀರಲ್ಲೇ ನಿಲ್ಲಿಸುತ್ತಿದ್ದದ್ದೂ ನಲವತ್ತು ದಿನ. ಅವರ ಭಾಷೆಯ ಆ 'ನಲವತ್ತ'ರಿಂದಲೇ ಕ್ವಾರಂಟೈನ್ ಎಂಬ ಪದ ಹುಟ್ಟಿದ್ದು.