ನಕ್ಷೆಯೇ ಕಾನೂನಾಗುವ ಊರು

1961ರಲ್ಲಿ ರಾಬರ್ಟ್ ಸೈಮನ್ ಎಂಬ ರಿಯಲ್ ಎಸ್ಟೇಟ್ ಉದ್ಯಮಿ ಅಮೆರಿಕದ ವರ್ಜೀನಿಯಾದಲ್ಲಿ ಸುಮಾರು 6,750 ಎಕರೆ ಜಮೀನು ಕೊಂಡರು. ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್ ಅವರ ಕುಟುಂಬದ ಕೈಯಲ್ಲಿತ್ತು. ಅದನ್ನು ಮಾರಿದ ದುಡ್ಡು ಇಲ್ಲಿಗೆ ಬಂತು. ಅವರ ಕನಸಿನ ಊರಿನಲ್ಲಿ ಕೆರೆ ದಂಡೆಗೆ ಅಂಗಡಿಗಳು, ಅಂಗಡಿಗಳ ಮೇಲೆ ಮನೆ, ಪಕ್ಕದಲ್ಲೇ ಎತ್ತರದ ಅಪಾರ್ಟ್‌ಮೆಂಟ್, ನಡೆದು ಹೋಗುವಷ್ಟು ದೂರದಲ್ಲಿ ಕಾಡು. ಆದರೆ ಅಂಥ ಊರು ಕಟ್ಟೋಕೆ ಆ ಜಮೀನಿದ್ದ ಫೇರ್‌ಫ್ಯಾಕ್ಸ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಕಾನೂನಿನಲ್ಲಿ ದಾರಿಯೇ ಇರಲಿಲ್ಲ.

ಕಾರಣ ಝೋನಿಂಗ್, ಅಂದರೆ ಜಮೀನನ್ನು ವಲಯಗಳಾಗಿ ಹಂಚಿ ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ನಿಯಮ. ಒಹಾಯೊದ ಯೂಕ್ಲಿಡ್ ಎಂಬ ಊರಿನ ಝೋನಿಂಗ್ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ ಎತ್ತಿಹಿಡಿಯಿತು. ಆಮೇಲೆ ದೇಶದ ತುಂಬ ಅದೇ ಪದ್ಧತಿ. ಮನೆಗಳ ವಲಯದಲ್ಲಿ ಮನೆ ಮಾತ್ರ, ಅಂಗಡಿಗೆ ಬೇರೆ ವಲಯ. ಸೈಟು ಇಷ್ಟು ಅಗಲ ಇರಬೇಕು, ರಸ್ತೆಯಿಂದ ಇಷ್ಟು ಅಡಿ ಸೆಟ್‌ಬ್ಯಾಕ್ ಬಿಡಬೇಕು. ಫ್ಯಾಕ್ಟರಿ ಹೊಗೆ ಮನೆಯೊಳಗೆ ಬರಬಾರದು ಅನ್ನೋದು ಸರಿಯೇ. ಆದರೆ ಎಲ್ಲಾ ಸೈಟಿಗೂ ಒಂದೇ ಅಳತೆ ಹಾಕುತ್ತಾ ಹೋದರೆ ಹಳ್ಳ, ಇಳಿಜಾರು, ಮರದ ತೋಪು ಯಾವುದಕ್ಕೂ ಬೆಲೆ ಉಳಿಯೋದಿಲ್ಲ.

1962ರಲ್ಲಿ ಕೌಂಟಿ ಹೊಸದೊಂದು ವಲಯವನ್ನೇ ಮಾಡಿತು. ಸೈಮನ್ ಕನಸಿನ ಊರು ರೆಸ್ಟನ್ ಎದ್ದಿದ್ದು ಹಾಗೆ. ಈ ಬಗೆಯ ಅನುಮತಿಗೆ ಅಮೆರಿಕದಲ್ಲಿ ಪ್ಲ್ಯಾನ್ಡ್ ಯೂನಿಟ್ ಡೆವಲಪ್‌ಮೆಂಟ್, ಚಿಕ್ಕದಾಗಿ ಪಿಯುಡಿ ಅಂತಾರೆ. ಇಲ್ಲಿ ಒಂದೊಂದು ಸೈಟಿಗೆ ಬೇರೆ ಬೇರೆ ಲೆಕ್ಕ ಇರೋದಿಲ್ಲ, ಇಡೀ ಜಮೀನಿಗೆ ಒಂದೇ ಲೆಕ್ಕ.

ಅಂಕಿ ಇಟ್ಟು ನೋಡೋಣ. 100 ಎಕರೆ ಇದೆ, ಎಕರೆಗೆ ಎರಡು ಮನೆ ಅಂತ ನಿಯಮ. ಹಳೇ ಪದ್ಧತಿಯಲ್ಲಿ 200 ಮನೆಗಳು ಜಮೀನಿನ ಉದ್ದಗಲಕ್ಕೂ ಹರಡಿಕೊಳ್ಳುತ್ತವೆ. ಪಿಯುಡಿಯಲ್ಲಿ ಅದೇ 200 ಮನೆಗಳನ್ನು ಸಾಲುಮನೆಗಳಾಗಿ 40 ಎಕರೆಯಲ್ಲಿ ಕಟ್ಟಬಹುದು. 60 ಎಕರೆ ಹಾಗೇ ಉಳಿಯುತ್ತದೆ. ಮನೆಗಳು ಅಷ್ಟೇ, ಆದರೆ ರಸ್ತೆ, ನೀರಿನ ಪೈಪು, ಒಳಚರಂಡಿ ಎಲ್ಲದರ ಉದ್ದ ಕಡಿಮೆ. ಡಾಂಬರು ಕಡಿಮೆಯಾದಷ್ಟೂ ಮಳೆನೀರು ನೆಲಕ್ಕೆ ಇಂಗುತ್ತದೆ, ಹಳ್ಳಕ್ಕೆ ಒಮ್ಮೆಲೇ ನುಗ್ಗೋದಿಲ್ಲ. ನನಗೆ ಈ ಪದ್ಧತಿ ಇಷ್ಟವಾಗೋದು ಮುಖ್ಯವಾಗಿ ಇದಕ್ಕೇ. ರೆಸ್ಟನ್‌ನಲ್ಲೂ ಇದೇ ಲೆಕ್ಕ: ಒಟ್ಟು ಜಮೀನಿಗೆ ಸರಾಸರಿ ಎಕರೆಗೆ 13 ಜನ. ದಟ್ಟವಾದ ಭಾಗಗಳಲ್ಲಿ 60ರವರೆಗೆ ಹೋಗಬಹುದು, ವಿರಳ ಭಾಗಗಳಲ್ಲಿ 3.8 ದಾಟುವಂತಿಲ್ಲ.

ಈ ಸಡಿಲಿಕೆ ಸುಮ್ನೆ ಸಿಗೋದಿಲ್ಲ. ಎಲ್ಲಿ ಏನು ಬರುತ್ತದೆ ಅಂತ ಮೊದಲೇ ನಕ್ಷೆಯಲ್ಲಿ ತೋರಿಸಬೇಕು. ಪ್ಲ್ಯಾನಿಂಗ್ ಕಮಿಷನ್ ಅದನ್ನು ಪರಿಶೀಲಿಸುತ್ತದೆ, ಸಾರ್ವಜನಿಕ ವಿಚಾರಣೆಯಲ್ಲಿ ಅಕ್ಕಪಕ್ಕದವರು ಮಾತಾಡುತ್ತಾರೆ, ಕೊನೆಗೆ ಸಾಮಾನ್ಯವಾಗಿ ಚುನಾಯಿತ ಮಂಡಳಿ ಮತ ಹಾಕುತ್ತದೆ. ಒಪ್ಪಿಗೆ ಸಿಕ್ಕಮೇಲೆ ಆ ನಕ್ಷೆ, ಅದಕ್ಕೆ ಅಂಟಿದ ಷರತ್ತುಗಳು, ಎರಡೂ ಆ ಜಮೀನಿಗೆ ಕಾನೂನೇ. ನಾಳೆ ಬೇರೆಯವರು ಕೊಂಡರೂ ಅವರಿಗೂ ಅನ್ವಯ. ಸಣ್ಣಪುಟ್ಟ ಬದಲಾವಣೆಯನ್ನು ಅಧಿಕಾರಿಗಳೇ ಒಪ್ಪಬಹುದು, ದೊಡ್ಡದಾದರೆ ಮತ್ತೆ ವಿಚಾರಣೆ.

ಒಬ್ಬನೇ ಮಾಲೀಕನಿಗೆ ಯಾಕೆ ಬೇರೆ ನಿಯಮ ಅನ್ನುವ ಆಕ್ಷೇಪವೂ ಬಂದಿತ್ತು. ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಊರಿನಲ್ಲಿ ನೆರೆಯವರು ಕೋರ್ಟಿಗೆ ಹೋದರು. 1968ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಪಿಯುಡಿ ಪರವಾಗಿ ತೀರ್ಪು ಕೊಟ್ಟಿತು.

ಕೋರ್ಟ್ ಒಪ್ಪಿದ ಮಾತ್ರಕ್ಕೆ ತಂಟೆ ಮುಗಿಯಲಿಲ್ಲ. ಮನೆ ಕಟ್ಟಿ ಮಾರಿದವರು ಹೊರಟುಹೋಗುತ್ತಾರೆ, ಬಿಟ್ಟ ಬಯಲು ಅಲ್ಲೇ ಇರುತ್ತದೆ. ಜಮೀನಿನ ಬೆಲೆ ಏರಿದಾಗ ಅದರ ಮೇಲೆ ಕಣ್ಣು ಬೀಳದೆ ಇರುತ್ತಾ? ರೆಸ್ಟನ್‌ನಲ್ಲೇ 2012ರಲ್ಲಿ ಒಂದು ಗಾಲ್ಫ್ ಮೈದಾನದ ಮಾಲೀಕರು ಅಲ್ಲಿ ಮನೆ ಕಟ್ಟುವ ಹಕ್ಕಿನ ಮಾತೆತ್ತಿದರು. ಊರಿನವರು ಎದ್ದು ನಿಂತರು. ಹಳೇ ನಕ್ಷೆಗಳಲ್ಲಿ ಆ ಜಾಗವನ್ನು ಏನಂತ ತೋರಿಸಿದೆ ಅನ್ನುವ ವಾದ ಕೋರ್ಟಿನವರೆಗೂ ಹೋಯಿತು.

ಅದಕ್ಕೇ ಬರೀ ಹಸಿರು ಬಣ್ಣ ಬಳಿದ ನಕ್ಷೆ ನೋಡಿ ನಾನು ಸಮಾಧಾನ ಪಡೋದಿಲ್ಲ. ಬಯಲು ಯಾರ ಹೆಸರಿಗೆ ಹೋಗುತ್ತದೆ, ಅದನ್ನು ನೋಡಿಕೊಳ್ಳುವ ಖರ್ಚು ಯಾರದು ಅಂತ ಷರತ್ತಿನಲ್ಲಿ ಬರೆದಿರಬೇಕು. ಎಚ್ಚರವಿರುವ ಪಟ್ಟಣಗಳು ಈ ಜಾಗವನ್ನು ನಿವಾಸಿಗಳ ಸಂಘಕ್ಕೆ ಬರೆದುಕೊಡಿಸಿ, ಕಟ್ಟಡ ಕಟ್ಟುವಂತಿಲ್ಲ ಅನ್ನುವ ಕರಾರನ್ನೂ ನೋಂದಾಯಿಸಿಕೊಳ್ಳುತ್ತವೆ. ಆಮೇಲೇ ಮುಂದಿನ ಹಂತದ ಮನೆಗಳಿಗೆ ಪರ್ಮಿಟ್.